ಅಂದಾಜು ಮೊದಲು, ಸಹಿ ಆಮೇಲೆ

ನಮಸ್ಕಾರ. ಶಸ್ತ್ರಚಿಕಿತ್ಸೆಗೆ ಮುನ್ನ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರವನ್ನು ಎಂದಾದರೂ ಪೂರ್ತಿ ಓದಿದ್ದೀರಾ? ಸೋಂಕು, ರಕ್ತಸ್ರಾವ, ಅರಿವಳಿಕೆಯ ತೊಂದರೆ, ಕೊನೆಗೆ ಸಾವು ಕೂಡ ಅದರಲ್ಲಿ ಇರುತ್ತದೆ. ಅಪರೂಪಕ್ಕೆ ಯಾರಿಗೋ ಆಗುವುದನ್ನೂ ಬಿಡುವುದಿಲ್ಲ. ಖಂಡಿತವಾಗಿ ಬಂದೇ ಬರುವ ಖರ್ಚು ಮಾತ್ರ ಅಲ್ಲಿ ಕಾಣಿಸುವುದಿಲ್ಲ.

ಕೇಳಲು ಹೊರಟರೆ ವೈದ್ಯರು ಬಿಲ್ಲಿಂಗ್ ವಿಭಾಗದತ್ತ ಕೈ ತೋರಿಸುತ್ತಾರೆ, ಬಿಲ್ಲಿಂಗ್‌ನವರು ವೈದ್ಯರತ್ತ ತೋರಿಸುತ್ತಾರೆ. ಇಬ್ಬರ ನಡುವೆ ಸಿಗುವ ಉತ್ತರ ಒಂದೇ: ‘ದೇಹ ಹೇಗೆ ಸ್ಪಂದಿಸುತ್ತದೆ ಎಂದು ಈಗಲೇ ಹೇಗೆ ಹೇಳುವುದು?’ ಸರಿ, ಹೇಳಲಾಗದು. ಆದರೆ ವಿಮಾ ಕಂಪನಿಯಿಂದ ಮುಂಚಿತವಾಗಿ ಅನುಮತಿ ಪಡೆಯಬೇಕಾದಾಗ ಎಷ್ಟು ದಿನದ ವಾಸ, ಯಾವ ಬಗೆಯ ಕೊಠಡಿ, ಒಟ್ಟು ಎಷ್ಟಾಗಬಹುದು ಎಂಬುದನ್ನೆಲ್ಲ ಇದೇ ಆಸ್ಪತ್ರೆಗಳು ತುಂಬಿ ಕಳುಹಿಸುತ್ತವೆ. ಕಂಪನಿಗೆ ಒಪ್ಪಿಸಲು ಬರುವ ಲೆಕ್ಕ ರೋಗಿ ಕೇಳಿದಾಗ ಏಕೆ ಮರೆತುಹೋಗುತ್ತದೆ?

ಕಣ್ಣಿನ ಪೊರೆ, ಹರ್ನಿಯಾ, ಮಂಡಿ ಕೀಲು ಬದಲಾವಣೆ ಇವೆಲ್ಲ ದಿನ ಗೊತ್ತುಮಾಡಿಕೊಂಡು ಮಾಡುವ ಶಸ್ತ್ರಚಿಕಿತ್ಸೆಗಳು. ಪೈಸೆ ಪೈಸೆಯ ಲೆಕ್ಕವನ್ನು ಯಾರೂ ಕೇಳುತ್ತಿಲ್ಲ. ಇಷ್ಟರಿಂದ ಇಷ್ಟರವರೆಗೆ ಎನ್ನಿ. ತೊಡಕಾಗಿ ಐಸಿಯುಗೆ ಹೋಗಬೇಕಾದರೆ ದಿನಕ್ಕೆ ಎಷ್ಟು ಏರುತ್ತದೆ ಎಂಬುದನ್ನೂ ಹೇಳಿ. ಅಂದಾಜು ಮೀರುವ ಸೂಚನೆ ಕಂಡ ದಿನವೇ ಮನೆಯವರನ್ನು ಕರೆದು ತಿಳಿಸಿ, ಬಿಡುಗಡೆಯ ದಿನದವರೆಗೆ ಕಾಯಿಸಬೇಡಿ.

ಅಮೆರಿಕದಲ್ಲಿ 2022ರ ಜನವರಿ 1ರಿಂದ ಜಾರಿಯಲ್ಲಿರುವ ‘ನೋ ಸರ್‌ಪ್ರೈಸಸ್’ ಕಾಯಿದೆಯ ಪ್ರಕಾರ ವಿಮೆ ಇಲ್ಲದವರಿಗೆ, ವಿಮೆ ಬಳಸದೆ ತಾವೇ ಹಣ ಕಟ್ಟುವವರಿಗೆ ಮುಂಚಿತವಾಗಿ ಲಿಖಿತ ಅಂದಾಜು ಕೊಡಲೇಬೇಕು. ಬಿಲ್ಲು ಅದಕ್ಕಿಂತ 400 ಡಾಲರ್ ಅಥವಾ ಹೆಚ್ಚು ಮೀರಿದರೆ 120 ದಿನಗಳೊಳಗೆ ತಕರಾರು ಸಲ್ಲಿಸಬಹುದು. ನನಗೆ ಮುಖ್ಯವೆನಿಸುವುದು ಈ ತಕರಾರಿನ ಹಕ್ಕು. ಮೀರಿದರೂ ಕೇಳುವವರಿಲ್ಲ ಎಂದಾದರೆ ಅಂದಾಜನ್ನು ಬೇಕೆಂದೇ ಕಡಿಮೆ ಬರೆದು ರೋಗಿಯನ್ನು ಒಳಗೆ ಸೇರಿಸಿಕೊಳ್ಳುವುದೂ ನಡೆದೀತು.

ಆ ಕಾಯಿದೆಯಲ್ಲೂ ತೂತಿದೆ. ಶಸ್ತ್ರವೈದ್ಯರದು ಒಂದು ಬಿಲ್ಲು, ಅರಿವಳಿಕೆ ತಜ್ಞರದು ಇನ್ನೊಂದು, ಪ್ರಯೋಗಾಲಯದ್ದು ಮತ್ತೊಂದು. ಇವೆಲ್ಲ ಒಂದೇ ಅಂದಾಜಿನಲ್ಲಿ ಬರಬೇಕೆಂಬ ಅಂಶದ ಜಾರಿಯನ್ನು ಅಲ್ಲಿನ ಸರ್ಕಾರವೇ ಮುಂದೂಡಿತು. ರೋಗಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದುದು ಅದೇ ಆಗಿತ್ತು!

ತುರ್ತು ಚಿಕಿತ್ಸೆಯನ್ನು ಇದರೊಂದಿಗೆ ಬೆರೆಸಬಾರದು. ಎದೆನೋವೆಂದು ಬಂದವರಿಗೆ ಮೊದಲು ಚಿಕಿತ್ಸೆ, ಲೆಕ್ಕ ಆಮೇಲೆ. ಅಂದಾಜು ಪಡೆಯುವ ನಮ್ಮ ಹಕ್ಕು ಆಸ್ಪತ್ರೆಗೆ ಮುಂಗಡ ಕಟ್ಟಿಸಿಕೊಳ್ಳುವ ನೆಪವಾಗಕೂಡದು.

ಇನ್ನು, ‘ಪ್ಯಾಕೇಜ್’ ಎಂದ ಕೂಡಲೇ ನೆಮ್ಮದಿಯಾಗಬೇಡಿ. ಅದರಲ್ಲಿ ಏನೇನು ಸೇರಿಲ್ಲ ಎಂದು ಕೇಳಿ. ದೇಹದೊಳಗೆ ಅಳವಡಿಸುವ ಸಾಧನ, ಕೈಗವಸು, ಸಿರಿಂಜು, ಬೇರೆ ತಜ್ಞರ ಭೇಟಿ, ಒಂದು ದಿನ ಹೆಚ್ಚು ಉಳಿದರೆ ಆಗುವ ಬಾಡಿಗೆ, ಎಲ್ಲವನ್ನೂ ಹೆಸರು ಹಿಡಿದು ಕೇಳಿ. ಉತ್ತರವನ್ನು ಕಾಗದದ ಮೇಲೆ ಪಡೆಯಿರಿ, ದಿನಾಂಕ ಮತ್ತು ಕೊಟ್ಟವರ ಸಹಿ ಹಾಕಿಸಿಕೊಳ್ಳಿ. ನಿಮ್ಮ ಸಹಿಯನ್ನು ಅದಾದ ಮೇಲೆ ಹಾಕಿ.