ಸಂದಿ ಇಲ್ಲದ ಕಲ್ಲುಗೋಡೆ ಹಾವಿಗೆ ಯಾಕೆ ಬೇಡ

ನಮಸ್ಕಾರ, ಕಾರವಾರದಿಂದ ಮಾತಾಡುತ್ತಿದ್ದೇನೆ. ಇವತ್ತಿನ ವಿಷಯ ಸಾಕುಹಾವಿನ ವಿವೇರಿಯಂ, ಅಂದರೆ ಹಾವನ್ನು ಇಟ್ಟು ಸಾಕುವ ಪೆಟ್ಟಿಗೆ, ಅದರಲ್ಲೂ ಅದರ ಹಿಂಬದಿಗೆ ಕಟ್ಟುವ ಕಲ್ಲಿನ ಗೋಡೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹಾವು ನುಸುಳಿ ಕೂರಲು ಸಂದಿಗಳೇ ಇಲ್ಲದ ಗೋಡೆಯನ್ನು ಕಟ್ಟಲೇಬೇಡಿ. ಬರೀ ಚಂದಕ್ಕೆ ಅಂತಾದರೆ ಗಾಜಿನ ಹಿಂದೆ ಕಲ್ಲಿನ ಫೋಟೋ ಪ್ರಿಂಟ್ ಹಾಕಿಸಿ ಅಂಟಿಸಿ, ಸಾಕು. ಖರ್ಚೂ ಕಡಿಮೆ, ಒಳಗೆ ಹಾವಿಗೆ ಓಡಾಡಲು ಜಾಗವೂ ಉಳಿಯುತ್ತದೆ.

ಇಷ್ಟು ಹಟ ಯಾಕೆ ಅಂತ ಕೇಳಬಹುದು. ನಾನು ಸಾಕುತ್ತಿರುವುದು ಬಾಲ್ ಪೈಥಾನ್, ಅದನ್ನೇ ಹಿಡಿದು ಹೇಳುತ್ತೇನೆ. ಇದು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹುಲ್ಲುಗಾಡಿನ ಹಾವು. ಹಗಲೆಲ್ಲ ಇಲಿಬಿಲದಲ್ಲೋ ಹುತ್ತದಲ್ಲೋ ಮುದುಡಿಕೊಂಡು ಇರುತ್ತದೆ. ಮೈಯ ಎರಡೂ ಪಕ್ಕಕ್ಕೆ ಏನಾದರೂ ತಾಗುತ್ತಿದ್ದರೆ ಅದಕ್ಕೆ ಧೈರ್ಯ. ಬಯಲಲ್ಲಿ ಬಿಟ್ಟರೆ ತಲೆಯನ್ನು ಒಳಗಿಟ್ಟುಕೊಂಡು ಉಂಡೆಯಾಗಿ ಸುತ್ತಿಕೊಂಡುಬಿಡುತ್ತದೆ.

ಇನ್ನು ಬಿಸಿಯ ವಿಷಯ. ಹಾವಿನ ಮೈಗೆ ಬಿಸಿ ಹೊರಗಿನಿಂದಲೇ ಬರಬೇಕು. ಹಾಗಾಗಿ ವಿವೇರಿಯಂನ ಒಂದು ತುದಿಯಲ್ಲಿ 31–32 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿಯಲ್ಲಿ 25–26 ಡಿಗ್ರಿ ಇಡುತ್ತೇವೆ. ಹೊಟ್ಟೆ ತುಂಬಿದಾಗ ಬಿಸಿ ಕಡೆ, ಸಾಕೆನಿಸಿದಾಗ ತಂಪಿನ ಕಡೆ, ಹೀಗೆ ಅದೇ ಓಡಾಡಿಕೊಳ್ಳುತ್ತದೆ. ಆದರೆ ಅಡಗುವ ಜಾಗ ತಂಪಿನ ಕಡೆ ಮಾತ್ರ ಇದ್ದರೆ? ಬಿಸಿ ಬೇಕಾದರೂ ಹಾವು ಅಲ್ಲಿಂದ ಕದಲುವುದಿಲ್ಲ. ಬಯಲಿಗೆ ಬರುವ ಭಯವೇ ದೊಡ್ಡದು. ತಿಂದ ಇಲಿ ಹೊಟ್ಟೆಯಲ್ಲಿ ಕರಗುವುದಿಲ್ಲ, ಎರಡು ದಿನ ಬಿಟ್ಟು ವಾಂತಿ ಮಾಡುತ್ತದೆ. ಮನೆಯವರು ಇಲಿ ಸರಿ ಇರಲಿಲ್ಲ ಅಂದುಕೊಳ್ಳುತ್ತಾರೆ. ತೊಂದರೆ ಇದ್ದದ್ದು ಪೆಟ್ಟಿಗೆಯ ಒಳಗಿನ ಏರ್ಪಾಟಿನಲ್ಲಿ.

ಕಲ್ಲುಗೋಡೆ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿಯೇ. ಬಿಸಿ ತುದಿಯಿಂದ ತಂಪು ತುದಿಯವರೆಗೆ ಗೋಡೆಯ ಬುಡದಲ್ಲಿ ಮೂರು ನಾಲ್ಕು ಸಂದಿ ಸಾಲಾಗಿ ಕೊರೆದರೆ ಹಾವು ಒಂದರಿಂದ ಇನ್ನೊಂದಕ್ಕೆ ಸರಿಯುತ್ತಾ ಹೋಗಬಹುದು. ಬೇಕಾದ ಬಿಸಿಯೂ ಸಿಗುತ್ತದೆ, ಭಯವೂ ಇಲ್ಲ. ಮಾರುವ ಪ್ಲಾಸ್ಟಿಕ್ ಗುಹೆ ಎರಡು ಇಟ್ಟರೂ ಕೆಲಸ ನಡೆಯುತ್ತದೆ, ಸುಳ್ಳಲ್ಲ. ಆದರೆ ಎರಡು ಗುಹೆ ಅಂದರೆ ಎರಡೇ ಉಷ್ಣಾಂಶ. ಸಾಲು ಸಂದಿ ಇದ್ದರೆ ಹಾವಿಗೆ ಆಯ್ಕೆ ಜಾಸ್ತಿ.

ಈಗ ಅಳತೆ. ಬೆಳೆದ ಬಾಲ್ ಪೈಥಾನ್ ಮೂರರಿಂದ ಐದು ಅಡಿ ಉದ್ದ ಇರುತ್ತದೆ. ಪೆಟ್ಟಿಗೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರಕ್ಕಿಂತ ಕಡಿಮೆ ಬೇಡ. ಸಂದಿಯ ಬಾಯಿ ಮೂರು ನಾಲ್ಕು ಇಂಚು ಎತ್ತರ ಸಾಕು. ಒಳಗೆ ಹಾವು ಸುತ್ತಿಕೊಂಡು ಕೂರುವಷ್ಟು ಜಾಗ ಬೇಕು, ಅಂದರೆ ಗೋಡೆಯ ಬುಡ ಎಂಟು ಹತ್ತು ಇಂಚು ದಪ್ಪವಾಗುತ್ತದೆ. ಆ ದಪ್ಪವನ್ನು ಹಾವಿನ ನೆಲದಿಂದ ಕಸಿಯಬೇಡಿ. ಪ್ಲೈವುಡ್ ತರುವ ಮೊದಲೇ ಲೆಕ್ಕ ಹಾಕಿ, ಪೆಟ್ಟಿಗೆಯ ಅಗಲವನ್ನೇ ಅಷ್ಟು ಹೆಚ್ಚಿಸಿ. ಸಂದಿ ಎಷ್ಟೇ ಒಳಗಿದ್ದರೂ ನಿಮ್ಮ ಕೈ ಕೊನೆಯವರೆಗೆ ತಲುಪಬೇಕು. ಹುಷಾರಿಲ್ಲದ ಹಾವನ್ನು ಹೊರಗೆ ತೆಗೆಯಲು ಗೋಡೆ ಒಡೆಯುವ ಪರಿಸ್ಥಿತಿ ಯಾರಿಗೂ ಬರಬಾರದು.

"ನಮ್ಮಲ್ಲಿ ಚಿರೇಕಲ್ಲು ಬೇಕಾದಷ್ಟಿದೆ, ಅದನ್ನೇ ಕೂಡಿಸಿದರೆ ಆಗಲ್ವಾ?" ಈ ಪ್ರಶ್ನೆ ಕರಾವಳಿಯವರು ಕೇಳಿಯೇ ಕೇಳುತ್ತಾರೆ. ಬೇಡ. ಚಿರೇಕಲ್ಲು, ಅಂದರೆ ನಮ್ಮ ಕಡೆಯ ಕೆಂಪು ಜಂಬಿಟ್ಟಿಗೆ ಕಲ್ಲು, ಅದರ ತುಂಬಾ ತೂತು. ಹಾವಿನ ಮಲಮೂತ್ರ ಒಳಗೆ ಇಳಿದರೆ ತೊಳೆದರೂ ಹೋಗುವುದಿಲ್ಲ. ಅಂಚು ಒರಟು, ಹೊಟ್ಟೆಯ ಹುರುಪೆಗೆ ತರಚುತ್ತದೆ. ಅದಕ್ಕಿಂತ ಹೆಚ್ಚಾಗಿ ಭಾರ. ಹಾವಿನ ತಳ್ಳುವ ಶಕ್ತಿಯನ್ನು ಕಡಿಮೆ ಅಂದುಕೊಳ್ಳಬೇಡಿ, ಬುಡದಲ್ಲಿ ಹಾಸಿದ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಸರಿಸಿದರೆ ಮೇಲಿನ ಕಲ್ಲು ಅದರ ಮೈಮೇಲೆಯೇ ಬೀಳುತ್ತದೆ. ಸಮುದ್ರದ ಬಂಡೆಯ ಚೂರುಗಳೂ ಬೇಡ, ಅದರಲ್ಲಿ ಉಪ್ಪು. ಯಾಣಕ್ಕೆ ಹೋದರೆ ಕಲ್ಲು ಮುಟ್ಟಬೇಡಿ, ಫೋಟೋ ತನ್ನಿ. ಅಲ್ಲಿನ ಭೈರವೇಶ್ವರ ಶಿಖರ 120 ಮೀಟರ್ ಎತ್ತರದ ಕಪ್ಪು ಸುಣ್ಣಕಲ್ಲು. ಅದರ ಮೈಮೇಲೆ ನೆಟ್ಟಗೆ ಇಳಿದ ಸೀಳುಗಳನ್ನು ಹತ್ತಿರದಿಂದ ನೋಡಿದರೆ ಗೋಡೆಯಲ್ಲಿ ನೆರಳು ಎಲ್ಲಿ ಬೀಳಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಆಫ್ರಿಕಾದ ಹಾವಿಗೆ ಯಾಣದ ಬಂಡೆ ಯಾಕೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ಬಣ್ಣ ಯಾವುದಾದರೂ ಅದಕ್ಕೆ ಒಂದೇ, ಸಂದಿ ಇದ್ದರಾಯಿತು.

ಗೋಡೆಗೆ ಥರ್ಮೋಕೋಲ್ ಒಳ್ಳೆಯದು. ದಪ್ಪ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಚಾಕುವಿನಿಂದ ಕೊರೆಯಿರಿ, ಕೈಯಿಂದ ಚೂರು ಚೂರು ಮುರಿದು ತೆಗೆಯಿರಿ. ಮುರಿದ ಅಂಚೇ ಕತ್ತರಿಸಿದ ಅಂಚಿಗಿಂತ ಬಂಡೆಗೆ ಹತ್ತಿರ ಕಾಣುತ್ತದೆ. ಚಪ್ಪಲಿ ಅಂಟಿಸುವ ಗಮ್ ಹಾಕಿದರೆ ಥರ್ಮೋಕೋಲ್ ಕರಗಿಹೋಗುತ್ತದೆ. ಅಕ್ವೇರಿಯಂ ಸಿಲಿಕಾನ್ ತನ್ನಿ. ಬಾತ್‌ರೂಮಿಗೆ ಹಾಕುವ, ಬೂಷ್ಟು ತಡೆಯುವ ಸಿಲಿಕಾನ್ ಬೇಡ, ಅದರಲ್ಲಿ ಬೂಷ್ಟು ಕೊಲ್ಲುವ ಔಷಧಿ ಸೇರಿಸಿರುತ್ತಾರೆ. ಗೋಡೆ ಮತ್ತು ಪ್ಲೈವುಡ್ ನಡುವೆ ಬೆರಳು ತೂರುವಷ್ಟು ಜಾಗವೂ ಉಳಿಯಬಾರದು. ಮರಿಹಾವು ಅಲ್ಲಿಗೆ ಇಳಿದರೆ ಹಿಂದೆ ಬರಲಾಗದೆ ಸಿಕ್ಕಿಕೊಳ್ಳುತ್ತದೆ.

ಮೇಲೆ ಟೈಲ್ಸ್ ಗ್ರೌಟ್, ಅಂದರೆ ಟೈಲ್ಸ್ ಸಂದಿಗೆ ತುಂಬುವ ಸಿಮೆಂಟ್ ಕಲಸು. ಮೊದಲನೇ ಕೋಟು ಮಜ್ಜಿಗೆಯಷ್ಟು ತೆಳು, ಸಣ್ಣ ತೂತುಗಳಿಗೆಲ್ಲ ಇಳಿಯಬೇಕು. ಆಮೇಲಿನ ಎರಡು ಮೂರು ಕೋಟು ಗಟ್ಟಿ. ಬಣ್ಣಕ್ಕೆ ನಮ್ಮ ಹಳೇ ಮನೆಗಳ ನೆಲಕ್ಕೆ ಹಾಕುತ್ತಿದ್ದ ಅದೇ ರೆಡ್ ಆಕ್ಸೈಡ್, ಬ್ಲ್ಯಾಕ್ ಆಕ್ಸೈಡ್ ಪುಡಿ ಗ್ರೌಟಿಗೇ ಕಲಸಿ. ಮೇಲೆ ಬಳಿದ ಪೇಂಟ್ ಒಂದು ದಿನ ಏಳುತ್ತದೆ, ಒಳಗೇ ಕಲಸಿದ ಬಣ್ಣ ಗೀಚು ಬಿದ್ದರೂ ಹೋಗುವುದಿಲ್ಲ. ಸಿಮೆಂಟಿನ ಕ್ಷಾರ ಇಳಿಯಲು ನೀರು ಚಿಮುಕಿಸಿ, ತೊಳೆದು, ಮೂರು ನಾಲ್ಕು ವಾರ ಬಿಡಿ. ಕೊನೆಗೆ ನೀರಿನಲ್ಲಿ ಕಲಸುವ ಅಕ್ರಿಲಿಕ್ ಸೀಲರ್. ಇದು ತಪ್ಪಿದರೆ ಹಾವು ಗಲೀಜು ಮಾಡಿದಾಗ ಒರೆಸಲು ಬರುವುದಿಲ್ಲ.

ಸೀಲರ್ ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿ. ಮನೆಯಲ್ಲಿರುವ ಹಳೇ ನೈಲಾನ್ ದುಪಟ್ಟಾ ತಗೊಂಡು ಗೋಡೆಯ ಮೇಲೆಲ್ಲ, ಪ್ರತಿ ಸಂದಿಯ ಒಳಗೂ ಎಳೆಯಿರಿ. ನೂಲು ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮರಳು ಕಾಗದ ಹಾಕಿ ಉಜ್ಜಿ. ಪೊರೆ ಬಿಡುವಾಗ ಹಾವಿಗೆ ಮೂತಿ ಉಜ್ಜಲು ಸ್ವಲ್ಪ ತರಿತರಿ ಬೇಕು. ಆದರೆ ಆ ಹೊತ್ತಿನಲ್ಲಿ ಅದರ ಹೊಸ ಚರ್ಮ ಬಹಳ ಮೆತ್ತಗಿರುತ್ತದೆ, ಒಂದು ಮೊನೆ ಸಾಕು ಗಾಯಕ್ಕೆ.

ಈಗ ನಮ್ಮ ಊರಿನ ಹವೆ. ಹೊರದೇಶದ ವಿಡಿಯೋಗಳಲ್ಲಿ ತೇವ ಹೆಚ್ಚಿಸುವುದು ಹೇಗೆ ಅಂತ ಹೇಳಿಕೊಡುತ್ತಾರೆ. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ. ಜುಲೈನಲ್ಲಿ ನಮ್ಮ ಬೀರುವಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಇನ್ನು ಹಾವಿನ ಪೆಟ್ಟಿಗೆಗೆ? ಬಾಲ್ ಪೈಥಾನ್‌ಗೆ ಶೇಕಡಾ 55ರಿಂದ 70 ತೇವ ಹಿತ. ನೆಲ ಸದಾ ಒದ್ದೆ ಇದ್ದು ಗಾಳಿ ಆಡದಿದ್ದರೆ ಹೊಟ್ಟೆಯ ಹುರುಪೆ ಕೊಳೆಯುತ್ತದೆ, ಉಸಿರಿನ ಸೋಂಕು ಬರುತ್ತದೆ. ಹಾಗಾಗಿ ಒಂದು ಪಕ್ಕದಲ್ಲಿ ಕೆಳಗೆ, ಇನ್ನೊಂದು ಪಕ್ಕದಲ್ಲಿ ಮೇಲೆ ಜಾಲರಿ ಕಿಂಡಿ ಇಡಿ, ಗಾಳಿ ಅಡ್ಡ ಹಾದು ಹೋಗಲಿ. ಗೋಡೆಯ ಕೆಲಸ ಮಳೆಗಾಲದಲ್ಲಿ ಶುರು ಮಾಡಬೇಡಿ, ಗ್ರೌಟ್ ಒಣಗುವುದೇ ಇಲ್ಲ. ದೀಪಾವಳಿ ಕಳೆದ ಮೇಲೆ ಹಿಡಿದರೆ ಬೇಸಿಗೆಯೊಳಗೆ ಎಲ್ಲ ಗಟ್ಟಿಯಾಗುತ್ತದೆ. ಕಡಲಗಾಳಿಗೆ ಕಬ್ಬಿಣದ ಸ್ಕ್ರೂ ತುಕ್ಕು ಹಿಡಿಯುತ್ತದೆ, ಸ್ಟೇನ್‌ಲೆಸ್ ಸ್ಟೀಲ್ ಹಾಕಿ.

ಬಿಸಿಯ ಲೆಕ್ಕವೂ ಊರಿಂದ ಊರಿಗೆ ಬೇರೆ. ಸಿರಸಿಯಲ್ಲಿ ಡಿಸೆಂಬರ್ ರಾತ್ರಿ ಒಳ್ಳೇ ಚಳಿ, ಅಲ್ಲಿ ಹೀಟರ್ ಬೇಕೇ ಬೇಕು. ಘಟ್ಟದ ಕೆಳಗೆ ಏಪ್ರಿಲ್ ಮೇ ತಿಂಗಳಲ್ಲಿ ಕೋಣೆಯೇ 32 ಡಿಗ್ರಿ ದಾಟುತ್ತದೆ. ಆಗ ನಮ್ಮ ಚಿಂತೆ ತಂಪು ತುದಿಯದ್ದು. ಪೆಟ್ಟಿಗೆಯನ್ನು ಪಶ್ಚಿಮದ ಬಿಸಿಲು ಬೀಳುವ ಗೋಡೆಗೆ ಒರಗಿಸಬೇಡಿ. ಎಲ್ಲಿದ್ದರೂ ಬಿಸಿ ಮಿತಿ ದಾಟದಂತೆ ತಾನಾಗಿ ತಡೆಯುವ ಥರ್ಮೋಸ್ಟಾಟ್ ಕಡ್ಡಾಯ, ಬಿಸಿ ಕೊಡುವ ಬಲ್ಬಿಗೆ ಜಾಲರಿ ಕಡ್ಡಾಯ. ಥರ್ಮೋಕೋಲ್ ಬೆಂಕಿ ಹಿಡಿಯುವ ವಸ್ತು, ಬಲ್ಬನ್ನು ಗೋಡೆಯಿಂದ ದೂರ ಇಡಿ.

ಕೊನೆಯದಾಗಿ ಕಾನೂನು. ಈ ವಿಡಿಯೋ ನೋಡಿ ಯಾರೂ ತೋಟದಲ್ಲಿ ಸಿಕ್ಕ ಹೆಬ್ಬಾವಿನ ಮರಿಯನ್ನು ಮನೆಗೆ ತರಬೇಡಿ. ನಮ್ಮ ಹೆಬ್ಬಾವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ. ಹಿಡಿದು ಸಾಕಿದರೆ ಜೈಲು. ಮನೆಗೆ ಹಾವು ಬಂದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ. ಬಾಲ್ ಪೈಥಾನ್ ಸಾಕುವವರೂ 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಲೇಬೇಕು. ಕಾಗದಪತ್ರ ಕೊಡದವರ ಹತ್ತಿರ ಮರಿ ಕೊಳ್ಳಬೇಡಿ, ಎಷ್ಟೇ ಕಡಿಮೆಗೆ ಕೊಟ್ಟರೂ. ಈ ಹಾವು 20–30 ವರ್ಷ ಬದುಕುತ್ತದೆ. ಓದಲು ಬೆಂಗಳೂರಿಗೆ ಹೊರಟಿರುವ ಹುಡುಗರು ಮನೆಯಲ್ಲಿ ಆಯಿ ಅಪ್ಪನ ಹತ್ತಿರ ಮೊದಲೇ ಕೂತು ಮಾತಾಡಿ, ನೀವಿಲ್ಲದಾಗ ನೀರು ಬದಲಿಸುವವರು ಯಾರು, ಇಲಿ ಕೊಡುವವರು ಯಾರು ಅಂತ. ಅವರು ಒಪ್ಪಿದರೆ ನಿಮ್ಮ ಕೋಣೆಯ ಅಳತೆ, ಕಿಟಕಿ ಯಾವ ದಿಕ್ಕಿಗೆ ಅಂತ ಬರೆದು ಕಳಿಸಿ. ಗೋಡೆಯಲ್ಲಿ ಸಂದಿ ಎಲ್ಲೆಲ್ಲಿ ಬರಬೇಕು ಅಂತ ನಾನು ಚಿತ್ರ ಬರೆದು ಕೊಡುತ್ತೇನೆ.