ಹೊರಗೆ ಹೋಗಲು ಒಂದು ನೆವ

ಎಲ್ಲರಿಗೂ ನಮಸ್ಕಾರ.

ಇವತ್ತು ಭಾನುವಾರ. ಮೋಡ ಬೇರೆ ಕವಿದಿದೆ. ಆದರೂ ಇಷ್ಟು ಜನ ಮನೆ ಬಿಟ್ಟು ಬಂದಿದ್ದೀರಿ, ನೋಡಿ ತುಂಬಾ ಖುಷಿಯಾಯಿತು. ನಮ್ಮ ಬಡಾವಣೆಯ ಓದುಗರ ಬಳಗದವರು ಫೋನ್ ಮಾಡಿ, "ಮನೆಯಿಂದ ಕೆಲಸ ಮಾಡೋರಿಗೆ ಹೊರಗೆ ಹೋಗೋಕೇ ಮನಸ್ಸು ಬರಲ್ಲ, ಅದರ ಬಗ್ಗೆ ಮಾತಾಡಿ" ಅಂದರು. ನಾನು ಡಾಕ್ಟರ್ ಅಲ್ಲ. ಸಾಫ್ಟ್‌ವೇರ್ ಕಂಪನಿಗಳಿಗೆ ಕೈಪಿಡಿ ಬರೆದುಕೊಡುವುದು ನನ್ನ ಕೆಲಸ. 2020ರ ಮಾರ್ಚ್‌ನಿಂದ ಮನೆಯಲ್ಲೇ ಕೂತು ಬರೆಯುತ್ತಿದ್ದೇನೆ. ಈ ತೊಂದರೆ ನನಗೆ ಆಗಿತ್ತು, ಈಗ ಬಹಳಷ್ಟು ಕಡಿಮೆಯಾಗಿದೆ. ಆ ಅನುಭವದಿಂದ ಮಾತಾಡುತ್ತೇನೆ.

ಒಂದು ಚಪ್ಪಲಿಯ ವಿಷಯದಿಂದ ಶುರು ಮಾಡುತ್ತೇನೆ. ಎರಡು ವರ್ಷ ಹೀಗೇ ಮನೆಯಲ್ಲಿದ್ದ ಮೇಲೆ ಒಂದು ಮಧ್ಯಾಹ್ನ, ಕೊರಿಯರ್ ಹುಡುಗ ಗೇಟಿನ ಹತ್ತಿರ ನಿಂತು ಕೂಗಿದ. ಸಹಿ ಬೇಕಿತ್ತು. ಸ್ಟ್ಯಾಂಡಿನಿಂದ ಚಪ್ಪಲಿ ತೆಗೆದು ಕಾಲು ತೂರಿಸಿದೆ. ಬೆರಳಿಗೆ ಏನೋ ಅಂಟಿದ ಹಾಗಾಯಿತು. ಬಗ್ಗಿ ನೋಡಿದರೆ ಜೇಡರ ಬಲೆ. ಉಂಗುಷ್ಠದ ಪಟ್ಟಿಯಿಂದ ಹಿಮ್ಮಡಿಯವರೆಗೆ ನೀಟಾಗಿ ಕಟ್ಟಿತ್ತು. ಅದರಲ್ಲಿ ಒಂದು ಒಣಗಿದ ಇರುವೆ. ಸಹಿ ಹಾಕಿ ಒಳಗೆ ಬಂದು ಲೆಕ್ಕ ಹಾಕಿದೆ. ನಾನು ಮನೆಯ ಗೇಟು ದಾಟಿ ಒಂಬತ್ತು ದಿನ ಆಗಿತ್ತು. ಲಾಕ್‌ಡೌನ್ ಮುಗಿದು ಎಷ್ಟೋ ಕಾಲವಾಗಿತ್ತು, ಯಾರೂ ನನ್ನನ್ನು ತಡೆದಿರಲಿಲ್ಲ, ಜ್ವರವೂ ಇರಲಿಲ್ಲ. ಹೋಗಬೇಕು ಅಂತ ಅನ್ನಿಸಿರಲಿಲ್ಲ, ಅಷ್ಟೇ. ಆ ದಿನ ನನಗೆ ನಿಜವಾಗಿ ಭಯವಾಯಿತು.

ಮೊದಲು ಹೀಗಿರಲಿಲ್ಲ. ಬೆಂಗಳೂರಿನಲ್ಲಿದ್ದಾಗ ನಮ್ಮ ಮನೆ ವಿಜಯನಗರದಲ್ಲಿತ್ತು, ಕೆಲಸ ವೈಟ್‌ಫೀಲ್ಡ್‌ನಲ್ಲಿ. ಮನೆಯಿಂದ ಮೆಟ್ರೋ ಸ್ಟೇಷನ್‌ಗೆ ಹತ್ತು ನಿಮಿಷದ ನಡಿಗೆ. ಮೆಟ್ಟಿಲು ಹತ್ತಬೇಕು. ಆಗ ನೇರಳೆ ಮಾರ್ಗ ಬೈಯಪ್ಪನಹಳ್ಳಿಗೇ ನಿಲ್ಲುತ್ತಿತ್ತು. ಅಲ್ಲಿ ಇಳಿದು ಕಂಪನಿ ಬಸ್ಸಿಗೆ ಓಡಬೇಕು. ಸಂಜೆ ಮತ್ತೆ ಅದೇ ದಾರಿ. ದಿನಾ ಬೈದುಕೊಂಡೇ ಹೋಗುತ್ತಿದ್ದೆ. ಆ ಬೈಗುಳದ ಪ್ರಯಾಣವೇ ನನಗೆ ಬಿಸಿಲು ಕೊಡುತ್ತಿತ್ತು, ನಡಿಗೆ ಕೊಡುತ್ತಿತ್ತು, ನಾಲ್ಕು ಮುಖ ತೋರಿಸುತ್ತಿತ್ತು ಅಂತ ಮೈಸೂರಿಗೆ ಬಂದು ಎರಡು ವರ್ಷ ಕಳೆಯುವವರೆಗೂ ಗೊತ್ತಾಗಲಿಲ್ಲ.

ಇಲ್ಲಿ ಲಂಡನ್ನಿನ ಒಂದು ಸಂಗತಿ ಹೇಳಬೇಕು. ಜೆರ್ರಿ ಮಾರಿಸ್ ಅಂತ ಒಬ್ಬ ವೈದ್ಯರಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ, ಜನಕ್ಕೆ ಹೃದಯಾಘಾತ ಯಾಕೆ ಜಾಸ್ತಿಯಾಗುತ್ತಿದೆ ಅಂತ ಅವರು ಹುಡುಕುತ್ತಿದ್ದರು. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಡ್ರೈವರ್ ಮತ್ತು ಕಂಡಕ್ಟರ್‌ಗಳನ್ನು ಹೋಲಿಸಿ ನೋಡಿದರು. ಇಬ್ಬರದೂ ಅದೇ ಬಸ್ಸು, ಅದೇ ಊರು, ಹೆಚ್ಚುಕಮ್ಮಿ ಒಂದೇ ಥರದ ಮನೆತನ. ಆದರೆ ಡ್ರೈವರ್‌ಗಳಿಗಿಂತ ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಡಿಮೆ ಇತ್ತು. ಡ್ರೈವರ್ ಇಡೀ ದಿನ ಕೂತಿರುತ್ತಿದ್ದ. ಕಂಡಕ್ಟರ್ ಟಿಕೆಟ್ ಕೊಡುತ್ತಾ ಮೇಲೆ ಕೆಳಗೆ ಓಡಾಡುತ್ತಿದ್ದ. ದಿನಕ್ಕೆ 500ರಿಂದ 750 ಮೆಟ್ಟಿಲು. 1953ರಲ್ಲಿ ಇದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಮಾರಿಸ್ ಅವರು 99ನೇ ವಯಸ್ಸಿನವರೆಗೆ ಬದುಕಿದ್ದರು.

ಈ ಸಂಗತಿಯನ್ನು ವ್ಯಾಯಾಮದ ಬಗ್ಗೆ ಹೇಳುವವರೆಲ್ಲ ಹೇಳುತ್ತಾರೆ. ನನ್ನ ಗಮನ ಹೋಗಿದ್ದು ಬೇರೆ ಕಡೆ. ಆ ಕಂಡಕ್ಟರ್‌ಗಳಲ್ಲಿ ಯಾರೂ "ಇವತ್ತು 600 ಮೆಟ್ಟಿಲು ಹತ್ತುತ್ತೇನೆ" ಅಂತ ಬೆಳಿಗ್ಗೆ ಎದ್ದು ಸಂಕಲ್ಪ ಮಾಡಿರಲಿಲ್ಲ. ಮೇಲೆ ಜನ ಕೂತಿದ್ದಾರೆ, ಟಿಕೆಟ್ ಕೊಡಬೇಕು, ಹತ್ತಲೇಬೇಕು. ಅವರಿಗೆ ಹತ್ತಲು ಒಂದು ನೆವ ಇತ್ತು.

ನೆವ. ನಮ್ಮಜ್ಜಿಯ ಬಾಯಲ್ಲಿ ದಿನಕ್ಕೆ ನಾಲ್ಕು ಸಲ ಬರುತ್ತಿದ್ದ ಪದ. "ಮೊಸರಿನ ನೆವದಲ್ಲಿ ಹೋಗಿ ಅವಳನ್ನ ಮಾತಾಡಿಸ್ಕೊಂಡು ಬಂದೆ" ಅನ್ನುತ್ತಿದ್ದರು. ಹಳೇ ಮನೆಗಳಲ್ಲಿ ನೆವಗಳಿಗೆ ಬರವಿರಲಿಲ್ಲ. ಹಾಲು ತರಬೇಕು, ಸೊಪ್ಪು ತರಬೇಕು, ಸಂಜೆ ಪೂಜೆಗೆ ಹೂವು, ಟೈಲರ್ ಹತ್ತಿರ ಬ್ಲೌಸು, ಬ್ಯಾಂಕಿನಲ್ಲಿ ಪಾಸ್‌ಬುಕ್ ಎಂಟ್ರಿ. ಈಗ ಅವೆಲ್ಲ ಫೋನಿನಲ್ಲೇ ಆಗುತ್ತವೆ. ಹತ್ತು ರೂಪಾಯಿ ಕೊತ್ತಂಬರಿ ಸೊಪ್ಪು ಕೂಡ ಬಾಗಿಲಿಗೇ ಬರುತ್ತದೆ. ಮೈಗೆ ಹುಷಾರಿಲ್ಲದವರಿಗೆ, ವಯಸ್ಸಾದವರಿಗೆ ಇದು ದೊಡ್ಡ ಉಪಕಾರ. ಆದರೆ ಮನೆಯಿಂದ ಕೆಲಸ ಮಾಡುವ ಗಟ್ಟಿಮುಟ್ಟಾದ ನಮ್ಮಂಥವರಿಗೆ? ಆಫೀಸು ಅನ್ನುವ ದೊಡ್ಡ ನೆವ ಹೋಯಿತು. ಅದರ ಹಿಂದೆಯೇ ಚಿಕ್ಕಚಿಕ್ಕ ನೆವಗಳೂ ಒಂದೊಂದಾಗಿ ಹೋದವು. ಆಮೇಲೆ ನಾವು "ನನಗೆ ಮನಸ್ಸೇ ಬರ್ತಿಲ್ಲ, ನಾನು ಸೋಮಾರಿ" ಅಂತ ನಮ್ಮನ್ನೇ ಬೈದುಕೊಳ್ಳುತ್ತೇವೆ. ನನಗೆ ಇದು ಅನ್ಯಾಯ ಅನ್ನಿಸುತ್ತದೆ. ಮನಸ್ಸು ಮೊದಲೂ ಬರುತ್ತಿರಲಿಲ್ಲ, ಅಲ್ವಾ? ಸೋಮವಾರ ಬೆಳಿಗ್ಗೆ ಯಾರಿಗೆ ತಾನೇ ಆಫೀಸಿಗೆ ಹೋಗಲು ಮನಸ್ಸಿತ್ತು? ಆದರೂ ಹೋಗುತ್ತಿದ್ದೆವು.

ಜೇಡರ ಬಲೆ ನೋಡಿದ ದಿನ ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ಒಳ್ಳೆಯ ಶೂ ತರಿಸಿದೆ. ಹೆಜ್ಜೆ ಎಣಿಸುವ ಆ್ಯಪ್ ಹಾಕಿಕೊಂಡೆ. ದಿನಕ್ಕೆ 10,000 ಹೆಜ್ಜೆ ಅಂತ ಗುರಿ. ಐದನೇ ದಿನ ನಿಂತುಹೋಯಿತು. ಆಮೇಲೆ ಗೊತ್ತಾಯಿತು, ಆ ಹತ್ತು ಸಾವಿರದ ಲೆಕ್ಕ ಮೊದಲು ಬಂದದ್ದು 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರಕ್ಕೆ ಇಟ್ಟ ಹೆಸರಿನಿಂದ. ಮಾನ್‌ಪೊ ಕೆಯ್, ಅಂದರೆ 'ಹತ್ತು ಸಾವಿರ ಹೆಜ್ಜೆಯ ಮಾಪಕ'. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ, ಸ್ವಲ್ಪ ಬಿರುಸಾದ ನಡಿಗೆಯಂಥ ಚಟುವಟಿಕೆ. ಮೊದಲು ಒಂದು ಸಲಕ್ಕೆ ಕನಿಷ್ಠ 10 ನಿಮಿಷವಾದರೂ ಆಗಬೇಕು ಅನ್ನುತ್ತಿದ್ದರು. 2020ರಲ್ಲಿ ಆ ಷರತ್ತನ್ನೂ ತೆಗೆದರು. ಅಂದರೆ ಮೂಲೆಯಂಗಡಿಗೆ ಬೇಗಬೇಗ ಹೋಗಿ ಬಂದದ್ದೂ ಲೆಕ್ಕಕ್ಕೆ ಬರುತ್ತದೆ.

ನನ್ನನ್ನು ನಿಜವಾಗಿ ಹೊರಗೆಳೆದದ್ದು ರಾಗಿ. ಒಂದು ದಿನ ನಮ್ಮತ್ತೆ, "ಪ್ಯಾಕೆಟ್ ಹಿಟ್ಟಿನ ಮುದ್ದೆ ಗಂಟಲಲ್ಲಿ ಇಳಿಯಲ್ಲಮ್ಮ, ಮಿಲ್ಲಲ್ಲಿ ಬೀಸಿಸ್ಕೊಂಡು ಬಾ" ಅಂದರು. ಐದು ಕಿಲೋ ರಾಗಿ ಚೀಲ ಹಿಡಿದು ಹೋದೆ. ನಮ್ಮ ಮನೆಯಿಂದ ಮೂರು ರಸ್ತೆ ಆಚೆ ಮಿಲ್ಲಿದೆ. ಬಾಗಿಲಲ್ಲಿ ಸಾಲಾಗಿ ಡಬ್ಬ, ಚೀಲ. ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ನಂಬರು. ಮಿಲ್ಲಿನವರ ಕಣ್ಣಿನ ರೆಪ್ಪೆ ಮೇಲೆಲ್ಲ ಹಿಟ್ಟು. ಅವರು ಚೀಲದೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು, ಬೆರಳಲ್ಲಿ ಉಜ್ಜಿ, ವಾಪಸ್ ಹಾಕಿದರು. "ಅಕ್ಕಾ, ಇನ್ನೂ ಹಸಿ ಇದೆ. ಒಂದು ಬಿಸಿಲು ಒಣಗಿಸಿ ತನ್ನಿ" ಅಂದರು. ಮಾರನೇ ದಿನ ಟೆರೇಸ್ ಮೇಲೆ ಹಳೇ ಪಂಚೆ ಹಾಸಿ ರಾಗಿ ಹರವಿದೆ. ಪಾರಿವಾಳ ಬರುತ್ತವಲ್ಲ, ಕಾಯಬೇಕು. ಲ್ಯಾಪ್‌ಟಾಪ್ ಕೆಳಗೇ ಇತ್ತು. ಅರ್ಧ ಗಂಟೆ ಬಿಸಿಲಲ್ಲಿ ಸುಮ್ನೆ ಕೂತೆ. ಎಷ್ಟು ತಿಂಗಳಾಗಿತ್ತೋ ಹಾಗೆ ಕೂತು. ಅದರ ಮಾರನೇ ದಿನ ಮತ್ತೆ ಮಿಲ್ಲಿಗೆ. ಬೀಸಿ ಕೊಟ್ಟ ಹಿಟ್ಟು ಬೆಚ್ಚಗಿತ್ತು. ಚೀಲವನ್ನು ಎದೆಗೆ ಅವಚಿಕೊಂಡು ಮನೆಗೆ ಬಂದೆ.

ಅವತ್ತಿನಿಂದ ಒಂದು ನಿಯಮ ಮಾಡಿಕೊಂಡೆ. ನಾಲ್ಕು ವಸ್ತುಗಳನ್ನು ಮನೆಗೆ ತರಿಸುವುದಿಲ್ಲ. ರಾಗಿ ಹಿಟ್ಟು, ಕಾಫಿಪುಡಿ, ಸೊಪ್ಪು, ಹೂವು. ಕಾಫಿಪುಡಿ ಒಂದು ಸಲಕ್ಕೆ ನೂರು ಗ್ರಾಂ ಮಾತ್ರ ತರುತ್ತೇನೆ, ಬೇಗ ಖಾಲಿಯಾಗಲಿ ಅಂತ. ಸಾಯಂಕಾಲ ಡಬ್ಬದ ತಳ ಕಂಡರೆ ಚಪ್ಪಲಿ ಮೆಟ್ಟಲೇಬೇಕು. ನೀವು ನಾಲ್ಕು ಬಿಡಬೇಕಿಲ್ಲ. ಒಂದು ಬಿಟ್ಟು ನೋಡಿ. ದಿನಾ ಬೇಕಾಗುವಂಥದ್ದನ್ನೇ ಆರಿಸಿಕೊಳ್ಳಿ.

ಬಿಸಿಲಿನ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಬೆಳಕನ್ನು ಲಕ್ಸ್ ಅನ್ನುವ ಲೆಕ್ಕದಲ್ಲಿ ಅಳೆಯುತ್ತಾರೆ. ನಾವು ಕೂರುವ ಕೋಣೆಯಲ್ಲಿ ಟ್ಯೂಬ್‌ಲೈಟ್ ಹಾಕಿದರೂ ಕೆಲವು ನೂರು ಲಕ್ಸ್ ಇರುತ್ತದೆ, ಅಷ್ಟೇ. ಹೊರಗೆ ಮೋಡ ಮುಸುಕಿದ ದಿನ ಕೂಡ ಸಾವಿರಗಟ್ಟಲೆ. ಮಧ್ಯಾಹ್ನದ ಬಿಸಿಲಲ್ಲಿ ಒಂದು ಲಕ್ಷದ ಹತ್ತಿರ. ನಮ್ಮ ಕಣ್ಣು ಹೊಂದಿಕೊಂಡುಬಿಡುತ್ತದೆ, ಆದ್ದರಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ. ಮೈಯೊಳಗಿನ ಗಡಿಯಾರಕ್ಕೆ ಗೊತ್ತಾಗುತ್ತದೆ. ಈ ಗಡಿಯಾರ ಹೇಗೆ ನಡೆಯುತ್ತದೆ ಅಂತ ಕಂಡುಹಿಡಿದ ಮೂವರಿಗೆ 2017ರಲ್ಲಿ ವೈದ್ಯಕೀಯದ ನೊಬೆಲ್ ಬಂತು. ಹಗಲಿನ ಬೆಳಕು ಕಣ್ಣಿಗೆ ಬಿದ್ದರೆ ಆ ಗಡಿಯಾರ ದಿನಾ ಸರಿಹೊಂದುತ್ತದೆ. ಬೀಳದಿದ್ದರೆ ರಾತ್ರಿ ನಿದ್ದೆ ತಡ, ಬೆಳಿಗ್ಗೆ ತಲೆ ಭಾರ. ತಲೆ ಭಾರ ಅಂತ ಹೊರಗೆ ಹೋಗುವುದಿಲ್ಲ, ಹೋಗದೆ ಮತ್ತೂ ತಲೆ ಭಾರ.

ಅಮೆರಿಕದ ಸಮಯಕ್ಕೆ ಕೆಲಸ ಮಾಡುವವರು ಇಲ್ಲಿ ಕೆಲವರಿದ್ದೀರಿ ಅಂತ ಗೊತ್ತು. ನಿಮಗೆ ಮುಂಜಾನೆಯ ವಾಕಿಂಗ್ ಬಗ್ಗೆ ಉಪದೇಶ ಮಾಡುವುದು ಸರಿಯಲ್ಲ. ನೀವು ಏಳುವುದೇ ಹತ್ತಕ್ಕೋ ಹನ್ನೊಂದಕ್ಕೋ. ಎದ್ದ ತಕ್ಷಣ ಫೋನ್ ಹಿಡಿಯುವ ಬದಲು ಮರದ ನೆರಳಿರುವ ರಸ್ತೆಯಲ್ಲಿ ಒಂದು ಸುತ್ತು ಹಾಕಿ. ನೆರಳಲ್ಲೂ ಕೋಣೆಗಿಂತ ಎಷ್ಟೋ ಪಟ್ಟು ಬೆಳಕಿರುತ್ತದೆ.

ಈಗ ನನ್ನ ಮನಸ್ಸಿಗೆ ತುಂಬಾ ಹತ್ತಿರವಾದ ಮಾತು. ಇದನ್ನು ಹೆಣ್ಣುಮಕ್ಕಳ ಪರವಾಗಿ ಹೇಳುತ್ತಿದ್ದೇನೆ.

ಮನೆಯಿಂದ ಕೆಲಸ ಮಾಡುವ ಹೆಂಗಸಿಗೆ "ಮನೆಯಲ್ಲೇ ಇರ್ತೀಯಲ್ಲ" ಅನ್ನುವ ಮಾತು ತಪ್ಪಿದ್ದಲ್ಲ. ಮನೆಯಲ್ಲೇ ಇರ್ತೀಯಲ್ಲ, ಗ್ಯಾಸ್ ಸಿಲಿಂಡರ್ ಬಂದ್ರೆ ತಗೋ. ಮನೆಯಲ್ಲೇ ಇರ್ತೀಯಲ್ಲ, ಮೂರು ವಿಷಲ್ ಆದ್ಮೇಲೆ ಕುಕ್ಕರ್ ಆಫ್ ಮಾಡು. ಮಗು ಸ್ಕೂಲಿಂದ ಬರುತ್ತೆ, ಪ್ಲಂಬರ್ ಬರ್ತಾನೆ. ಮೀಟಿಂಗ್ ನಡುವೆ ಇಷ್ಟೂ ಆಗಬೇಕು. ಆರು ಗಂಟೆಗೆ ಲ್ಯಾಪ್‌ಟಾಪ್ ಮುಚ್ಚಿದರೆ ರಾತ್ರಿ ಅಡುಗೆ. ಇಂಥವಳು "ಸುಮ್ನೆ ಹೊರಗೆ ಹೋಗಿ ಬರ್ತೀನಿ" ಅಂದರೆ ಎಲ್ಲರೂ ತಿರುಗಿ ನೋಡುತ್ತಾರೆ. ಸುಮ್ನೆ ಯಾಕೆ? ಎಲ್ಲಿಗೆ? ಗಂಡಸರಿಗೆ ಈ ಪ್ರಶ್ನೆ ಬರುವುದು ಕಡಿಮೆ. ನಮ್ಮಜ್ಜಿ ಮೊಸರಿನ ನೆವ ಹುಡುಕುತ್ತಿದ್ದದ್ದು ಯಾಕೆ ಅಂತ ನನಗೆ ಈಗ ಅರ್ಥವಾಗುತ್ತದೆ. ಸೋಮಾರಿತನ ಬಿಡಿಸಲು ನನಗೆ ನೆವ ಬೇಕು, ಅದನ್ನು ನಾನೇ ಹುಡುಕಿಕೊಳ್ಳುತ್ತೇನೆ. ಅಪ್ಪಣೆ ಕೇಳಲು ನೆವ ಬೇಕಾಗುವ ಕಾಲ ಮಾತ್ರ ಮುಗಿಯಬೇಕು. ಇಲ್ಲಿರುವ ಗಂಡಂದಿರು, ಅತ್ತೆ-ಮಾವಂದಿರು ದಯವಿಟ್ಟು ಇದನ್ನು ಕೇಳಿಸಿಕೊಳ್ಳಿ. ದಿನಕ್ಕೆ ಮುಕ್ಕಾಲು ಗಂಟೆ ಅವಳು ಎಲ್ಲಿಗೆ ಹೋದಳು ಅಂತ ಕೇಳಬೇಡಿ. ಬರುವಾಗ ಟೊಮೆಟೊ ತಗೊಂಡು ಬಾ ಅಂತಲೂ ಹೇಳಬೇಡಿ. ಆ ಹೊತ್ತಿಗೆ ಕುಕ್ಕರ್ ನೀವು ನೋಡಿಕೊಳ್ಳಿ.

ನನ್ನ ಗೆಳತಿಯೊಬ್ಬಳು ಇದ್ದಾಳೆ, ಅವಳೂ ಮನೆಯಿಂದಲೇ ಲೆಕ್ಕಪತ್ರ ನೋಡುವವಳು. ಒಂದು ಜೂನ್‌ನಲ್ಲಿ ನಾವಿಬ್ಬರೂ ಮಾತಾಡಿಕೊಂಡೆವು. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ. ಹಿಂದಿನ ರಾತ್ರಿ "ಬರ್ತೀಯಾ?" ಅಂತ ಮೆಸೇಜ್ ಮಾಡುವ ಹಾಗಿಲ್ಲ. ಕೇಳಿದರೆ ತಾನೇ ಇಲ್ಲ ಅನ್ನಲು ಜಾಗ? ಗೇಟಿನಲ್ಲಿ ಅವಳು ನಿಂತಿರುತ್ತಾಳೆ ಅನ್ನುವ ಒಂದು ಯೋಚನೆ ನನ್ನನ್ನು ಹಾಸಿಗೆಯಿಂದ ಎಬ್ಬಿಸುತ್ತದೆ. ಮೈಸೂರಿನ ಜಿಟಿಜಿಟಿ ಮಳೆಯಲ್ಲೂ ಎಬ್ಬಿಸಿದೆ.

ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ ಅದು. ಕುವೆಂಪು ಅವರು ನಡೆದಾಡಿದ ಏರಿ. ಸುತ್ತಳತೆ ಸುಮಾರು 5 ಕಿಲೋಮೀಟರ್. ಪೂರ್ತಿ ಸುತ್ತಲೇಬೇಕು ಅಂತೇನಿಲ್ಲ, ಎಷ್ಟೋ ದಿನ ನಾವು ಅರ್ಧಕ್ಕೇ ಕಲ್ಲುಬೆಂಚಿನ ಮೇಲೆ ಕೂತುಬಿಡುತ್ತೇವೆ. ಎದುರಿಗೆ ಒಣಗಿದ ಕೊಂಬೆಯೊಂದರ ಮೇಲೆ ನೀರುಕಾಗೆ ಬಂದು ಕೂರುತ್ತದೆ. ಮುಳುಗಿ ಮೀನು ಹಿಡಿದು ಬಂದಿರುತ್ತದೆ, ರೆಕ್ಕೆ ನೆನೆದಿರುತ್ತದೆ. ಎರಡೂ ರೆಕ್ಕೆ ಅಗಲಕ್ಕೆ ಬಿಚ್ಚಿ, ಹಗ್ಗದ ಮೇಲೆ ಒಗೆದು ಹಾಕಿದ ಬಟ್ಟೆಯ ಹಾಗೆ, ಬಿಸಿಲಿಗೆ ಹಿಡಿದು ನಿಲ್ಲುತ್ತದೆ. ಹತ್ತು ನಿಮಿಷ ಅಲುಗಾಡುವುದಿಲ್ಲ. ಹೆಜ್ಜಾರ್ಲೆಗಳು ದೋಣಿಯ ಹಾಗೆ ತೇಲುತ್ತಿರುತ್ತವೆ. ಅವುಗಳನ್ನು ನೋಡುತ್ತಾ ನನ್ನ ಕಣ್ಣು ದೂರಕ್ಕೆ ಹೋಗುತ್ತದೆ. ಇಡೀ ದಿನ ಎರಡು ಅಡಿ ದೂರದ ಸ್ಕ್ರೀನ್ ನೋಡುವ ಕಣ್ಣು ಅದು.

ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಕೆಲವರಿಗೆ ಹೊರಗೆ ಹೋಗಲು ಆಗದಿರುವುದು ಬರೀ ಅಭ್ಯಾಸ ತಪ್ಪಿದ್ದಕ್ಕಲ್ಲ. ವಾರಗಟ್ಟಲೆ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಕೆಟ್ಟಿದೆ, ಊಟ ಸೇರುತ್ತಿಲ್ಲ, ಫೋನ್ ಎತ್ತಲೂ ಭಯ ಅಂದರೆ ಅದಕ್ಕೆ ರಾಗಿ ಬೀಸಿಸುವುದು ಔಷಧಿಯಲ್ಲ. ಡಾಕ್ಟರ್ ಹತ್ತಿರ ಹೋಗಿ. ಅದೂ ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, 2022ರಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ, ನಮ್ಮ ನಿಮ್ಹಾನ್ಸ್ ಅದರ ಹಿಂದಿದೆ. ಉಚಿತ. ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಹಾಗಿರುವವರು ಯಾರಾದರೂ ಇದ್ದರೆ "ಒಂದ್ ವಾಕ್ ಹೋಗಿ ಬಾ, ಸರಿಹೋಗುತ್ತೆ" ಅನ್ನಬೇಡಿ. ಜೊತೆಗೆ ಕೂತು ಆ ಫೋನ್ ಮಾಡಿ.

ನನ್ನ ಮಾತು ಇಷ್ಟೇ. ನಾಳೆ ಸೋಮವಾರ. ಬೆಳಿಗ್ಗೆ ಆರೂವರೆಗೆ ಕುಕ್ಕರಹಳ್ಳಿ ಕೆರೆಯ ಹುಣಸೂರು ರಸ್ತೆ ಕಡೆಯ ಗೇಟಿನಲ್ಲಿ ನಾವಿಬ್ಬರೂ ಇರುತ್ತೇವೆ. ನನ್ನ ಕೈಯಲ್ಲಿ ಹಸಿರು ಕೊಡೆ ಇರುತ್ತದೆ. ಬರುತ್ತೀರೋ ಇಲ್ಲವೋ ಅಂತ ಈಗ ಹೇಳಬೇಡಿ. ಆರು ನಲವತ್ತರವರೆಗೆ ಕಾಯುತ್ತೇವೆ.

ನಮಸ್ಕಾರ.