ಸೀಟ್ ಕೆಳಗಿನ ಚೀಲದಲ್ಲಿ ಏನಿರಬೇಕು? ಮೈಸೂರು–ಶ್ರೀರಂಗಪಟ್ಟಣ ಸೈಕಲ್ ರೈಡ್

ಹಾಂ, ಚೀಲ ಬಿಚ್ಚಿ ಸುರಿದಾಯ್ತು. ಇಷ್ಟೇ ಕಣ್ರೀ. ಸ್ಪೇರ್ ಟ್ಯೂಬ್ ಒಂದು, ರಿಮ್ಮಿಂದ ಟೈರ್ ಎಬ್ಬಿಸೋ ಲಿವರ್ ಎರಡು, ಪ್ಯಾಚ್ ಕಿಟ್, ಮಲ್ಟಿಟೂಲ್, ತುಂಡಾದ ಚೈನ್ ಕೂಡಿಸೋ ಕ್ವಿಕ್ ಲಿಂಕ್, ವಾಲ್ವ್ ಅಡಾಪ್ಟರ್, ಚಿಮ್ಮಟ. ಪಂಪ್ ಅಲ್ಲಿ ಫ್ರೇಮಿಗೆ ಸಿಗಿಸಿದೆ. ಮೈಸೂರಿಂದ ಶ್ರೀರಂಗಪಟ್ಟಣಕ್ಕೆ ಹೋಗಿ ಬರೋಕೆ ಬೆನ್ನಿಗೆ ಬ್ಯಾಗ್ ಹೊರೋರನ್ನ ಕಂಡ್ರೆ ನಂಗೆ ಅರ್ಥಾನೇ ಆಗಲ್ಲ.

ಟ್ಯೂಬ್ ಸೈಜು ಟೈರ್ ಪಕ್ಕದಲ್ಲೇ ಬರೆದಿರುತ್ತೆ. 28-622 ಅಂದ್ರೆ ಅದೇ 700 ಇಂಟು 28. ಕೊನೇ ನಂಬರ್ 584 ಇದ್ರೆ 27.5 ಇಂಚು, 559 ಇದ್ರೆ ಎಂಟಿಬಿಯ, ಅಂದ್ರೆ ಮೌಂಟೇನ್ ಬೈಕಿನ, ಹಳೇ 26 ಇಂಚು. ಅದರ ಫೋಟೋ ತೆಗೆದಿಟ್ಕೊಂಡು ಅಂಗಡೀಲಿ ತೋರಿಸಿ. ಇನ್ನೊಂದು, ಟ್ಯೂಬನ್ನ ಬರೀ ಮೈಯಲ್ಲಿ ಅಲೆನ್ ಕೀ ಪಕ್ಕ ತುರುಕಬೇಡಿ. ಕುಲುಕಾಟಕ್ಕೆ ಉಜ್ಜಿ ಉಜ್ಜಿ ಚೀಲದೊಳಗೇ ತೂತು ಬೀಳುತ್ತೆ, ಅದು ಗೊತ್ತಾಗೋದು ಪಂಕ್ಚರ್ ಆದ ದಿನಾನೇ. ಹಳೇ ಸಾಕ್ಸ್ ಒಳಗೆ ಹಾಕಿಡಿ.

ಈಗ ವಾಲ್ವ್. ನನ್ನ ಸಿಟ್ಟೆಲ್ಲಾ ಇರೋದು ಇಲ್ಲೇ. ಸ್ಕ್ರೀನ್ ಮೇಲೆ ಕಾಣ್ತಿರೋ ಈ ಸಣಕಲು ಕಡ್ಡಿ ಪ್ರೆಸ್ಟಾ. ಬೈಕು, ಕಾರಿಗೆ ಇರೋ ದಪ್ಪಂದು ಶ್ರೇಡರ್. ದಾರೀಲಿ ಸಿಗೋ ಪಂಕ್ಚರ್ ಅಂಗಡಿಗಳ ಏರ್ ಪೈಪೆಲ್ಲಾ ಶ್ರೇಡರಿಗೆ ಮಾಡಿರೋದು, ಪ್ರೆಸ್ಟಾಗೆ ಕೂರಲ್ಲ. ಅಂಗಡಿ ಅಣ್ಣ ಎಷ್ಟು ಒತ್ತಿದ್ರೂ ಗಾಳಿ ಪಕ್ಕದಿಂದ ಹೋಗುತ್ತೆ, ಜೋರಾಗಿ ಒತ್ತಿದ್ರೆ ಒಳಗಿನ ಕಡ್ಡಿ ಬಗ್ಗುತ್ತೆ. ಇದಕ್ಕೆ ಬೇಕಾಗಿರೋದು ಉಗುರಿನಷ್ಟು ಹಿತ್ತಾಳೆ ಅಡಾಪ್ಟರ್. ಹಾಕೋ ಮುಂಚೆ ವಾಲ್ವಿನ ತುದೀಲಿರೋ ಪುಟ್ಟ ನಟ್ಟು ಸಡಿಲ ಮಾಡಿ, ಬೆರಳಲ್ಲಿ ಒಂದ್ಸಲ ಒತ್ತಿ, ಪುಸ್ ಅನ್ನಬೇಕು. ಆ ನಟ್ಟು ಬಿಚ್ಚದೇ ಹಾಕಿದ್ರೆ ಒಂದು ತೊಟ್ಟು ಗಾಳಿ ಒಳಗೆ ಹೋಗಲ್ಲ. ಅಡಾಪ್ಟರ್ ಒಳಗೆ ರಬ್ಬರ್ ರಿಂಗ್ ಇರುತ್ತೆ, ಬಿದ್ದುಹೋಗಿದ್ಯಾ ಅಂತಾನೂ ನೋಡ್ಕೊಳ್ಳಿ.

ಆಮೇಲೆ, 28ರ ಟೈರಿಗೆ ಸವಾರನ ತೂಕ ನೋಡ್ಕೊಂಡು 70ರಿಂದ 90 ಪಿಎಸ್ಐ ಗಾಳಿ ಒತ್ತಡ ಬೇಕು. ಬೈಕ್ ಟೈರಿಗೆ ಮೂವತ್ತರ ಆಸುಪಾಸು ಸಾಕು, ಅಂಗಡಿಯವರು ಆ ಅಂದಾಜಲ್ಲೇ ನಿಲ್ಲಿಸ್ತಾರೆ. ಲಾರಿ ಟೈರ್ ನೋಡೋ ಅಂಗಡಿಗೆ ಹೋಗಿ, ಅಲ್ಲಿ ನೂರರವರೆಗೂ ಬರುತ್ತೆ. ಆದ್ರೆ ನಮ್ಮ ಟ್ಯೂಬಲ್ಲಿ ಜಾಗಾನೇ ಇಲ್ಲ, ಒಂದೇ ಏಟಿಗೆ ಬಿಟ್ರೆ ಢಂ ಅನ್ನುತ್ತೆ. "ಅಣ್ಣಾ, ಚೂರು ಚೂರೇ ಬಿಡಿ" ಅಂತ ಮೊದ್ಲೇ ಹೇಳಿ, ಗೇಜ್ ನೋಡ್ತಾ ಇರಿ.

ಅಯ್ಯೋ, ಅಡಾಪ್ಟರ್ ಯಾಕೆ, ಪಂಪ್ ಇದ್ಯಲ್ಲ ಅಂತೀರಾ? ಅದರದ್ದೂ ಒಂದು ಕಿರಿಕ್ಕಿದೆ. ತಿರುಪೋ ಪೈಪಿರೋ ಪಂಪಲ್ಲಿ ಇನ್ನೂರು ಮುನ್ನೂರು ಸಲ ಹೊಡೆದು, ಬೆವರು ಒರೆಸ್ಕೊಂಡು ಪೈಪ್ ಬಿಚ್ತೀರ. ಪೈಪ್ ಜೊತೆ ವಾಲ್ವಿನ ಕೋರೂ, ಅಂದ್ರೆ ಒಳಗಿನ ಕಡ್ಡಿ ಭಾಗಾನೂ, ತಿರುಗಿ ಈಚೆಗೆ ಬಂದುಬಿಡುತ್ತೆ! ಅಷ್ಟೂ ಗಾಳಿ ಎರಡು ಸೆಕೆಂಡಲ್ಲಿ ಖಾಲಿ. ಕೋರಿನ ಕುತ್ತಿಗೇಲಿ ಎರಡು ಕಡೆ ಚಪ್ಪಟೆ ಇರುತ್ತೆ, ಮನೇಲೇ ಇಕ್ಕಳದಲ್ಲಿ ಹಿಡಿದು ಒಂಚೂರು ಬಿಗಿ ಮಾಡಿ. ಚೂರೇ, ಹಿತ್ತಾಳೆ ಅದು.

ಪಂಪ್ ಬದಲು ಗಾಳಿ ತುಂಬೋ ಪುಟ್ಟ ಸಿಓ2 ಸಿಲಿಂಡರ್ ದುಡ್ಡು ದಂಡ. ಒಂದು ಪಂಕ್ಚರಿಗೆ ಒಂದು ಸಿಲಿಂಡರ್ ಖಾಲಿ, ತುಂಬಿದ್ದೂ ಮಾರನೇ ದಿನಕ್ಕೆ ಇಳಿದಿರುತ್ತೆ. ಊಂ... ಕತ್ತಲಾದ ಮೇಲೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ ನಿಲ್ಲಬೇಕಾಗಿ ಬಂದ್ರೆ, ಅರ್ಧ ನಿಮಿಷದಲ್ಲಿ ಗಾಳಿ ತುಂಬೋದು ಬೇಡ ಅನ್ನೋಕಾಗಲ್ಲ. ಸರಿ, 16 ಗ್ರಾಂದು ಒಂದು ಇರ್ಲಿ. ಪಂಪ್ ಮಾತ್ರ ಬಿಡಬೇಡಿ.

ಟ್ಯೂಬ್ ಬದಲಾಯಿಸೋದು ವಿಡಿಯೋದಲ್ಲೇ ಕಾಣ್ತಿದೆ. ಈ ಶಾಟಲ್ಲಿ ಬೆರಳು ಟೈರ್ ಒಳಗೆ ಸುತ್ತ ಸವರ್ತಿದ್ಯಲ್ಲ, ಅದನ್ನ ಮಾತ್ರ ಗಮನಿಸಿ. ಚುಚ್ಚಿದ್ದು ಇನ್ನೂ ಅಲ್ಲೇ ಕೂತಿರುತ್ತೆ, ಹೊಸ ಟ್ಯೂಬಿಗೂ ಅದೇ ಗತಿ. ಹಳ್ಳಿ ದಾರೀಲಿ ಜಾಲಿ ಮುಳ್ಳು, ಅದು ಕೈಗೆ ಸಿಗುತ್ತೆ. ಹೈವೇ ಪಕ್ಕದ ಸರ್ವೀಸ್ ರಸ್ತೇಲಿ ಒಡೆದ ಲಾರಿ ಟೈರಿನ ತಂತಿ, ಕೂದಲೆಳೆಯಷ್ಟು ಸಣ್ಣದು, ಕಣ್ಣಿಗೇ ಬೀಳಲ್ಲ. ಅದಕ್ಕೇ ಚೀಲದಲ್ಲಿ ಹುಬ್ಬು ಕೀಳೋ ಚಿಮ್ಮಟ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೇನ್ ರಸ್ತೇಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಸೈಕಲ್ ಯಾವುದೂ ಹೋಗಂಗಿಲ್ಲ. ಸರ್ವೀಸ್ ರಸ್ತೇನೇ ನಮಗೆ ಗತಿ. ಆ ಕಡೆ ಮದ್ದೂರಲ್ಲಿ ವಡೆ ಬಿಸಿಬಿಸಿ... ಇರ್ಲಿ, ಶಾಟ್ ಮುಗೀತಿದೆ.

ಪ್ಯಾಚ್ ಕಿಟ್. ಒಂದ್ಸಲ ಬಿಚ್ಚಿದ ಸೊಲ್ಯೂಷನ್ (ಅಂಟು) ಟ್ಯೂಬ್ ಚೀಲದಲ್ಲೇ ಒಣಗಿ ಕಲ್ಲಾಗಿರುತ್ತೆ, ಹೊಸದು ಇಟ್ಕೊಳ್ಳಿ. ಉಪ್ಪುಕಾಗದದಲ್ಲಿ ತಿಕ್ಕಿ, ತೆಳ್ಳಗೆ ಹಚ್ಚಿ, ಮೂರ್ನಾಲ್ಕು ನಿಮಿಷ ಕಾಯಿರಿ. ಹಸಿ ಮೇಲೇ ಅಂಟಿಸಿದ್ರೆ ಪ್ಯಾಚ್ ಜಾರುತ್ತೆ. ಟೈರೇ ಸೀಳಿದ್ರೆ ಒಳಗಡೆ ಟೆಟ್ರಾ ಪ್ಯಾಕ್ ತುಂಡನ್ನ ಎರಡು ಮಡಿಕೆ ಮಾಡಿ ಕೊಡಿ, ಮನೆ ಸೇರಬಹುದು.

ಮಲ್ಟಿಟೂಲಲ್ಲಿ 4, 5, 6 ಎಂಎಂ ಅಲೆನ್ ಮತ್ತೆ ಚೈನ್ ಬ್ರೇಕರ್ ಇರ್ಲೇಬೇಕು. ಹದಿನೆಂಟು ಫಂಕ್ಷನ್ ಬೇಡ. ಕ್ವಿಕ್ ಲಿಂಕ್ ನಿಮ್ಮ ಗೇರಿಗೆ ತಕ್ಕದ್ದು ತಗೊಳ್ಳಿ, 8 ಸ್ಪೀಡಿಂದು 10ಕ್ಕೆ ಕೂರಲ್ಲ. ಚಕ್ರಕ್ಕೆ ಕೈಯಲ್ಲೇ ಬಿಚ್ಚೋ ಕ್ವಿಕ್ ರಿಲೀಸ್ ಇಲ್ದೆ ನಟ್ಟಿದ್ರೆ ಸ್ಪ್ಯಾನರ್ ಬೇಕೇ ಬೇಕು. ಹಿಂದಿನ ಚಕ್ರಕ್ಕೆ ಸಾಮಾನ್ಯವಾಗಿ 15 ಎಂಎಂ, ಮುಂದಿಂದು ಹಾಕಿ ನೋಡಿ ತಗೊಳ್ಳಿ.

ನೀರು ಎರಡು ಬಾಟಲಿ. ಓಆರ್‌ಎಸ್ ದೊಡ್ಡ ಪ್ಯಾಕೆಟ್ ಒಂದು ಲೀಟರಿಗೆ ಲೆಕ್ಕ, 750ರ ಬಾಟಲಿಗೆ ಪೂರಾ ಸುರೀಬೇಡಿ. 200 ಎಂಎಲ್‌ನ ಸಣ್ಣ ಪ್ಯಾಕೆಟ್ ತಗೊಂಡ್ರೆ ತಲೆನೋವಿಲ್ಲ. ತಿನ್ನೋಕೆ ಕಡಲೆಮಿಠಾಯಿ, ಇಲ್ಲಾ ಮಂಡ್ಯದ ಬೆಲ್ಲ. ಎನರ್ಜಿ ಬಾರ್ ದುಡ್ಡಲ್ಲಿ ಒಂದು ಅಚ್ಚೇ ಬರುತ್ತೆ. ನೂರಿನ್ನೂರು ಚಿಲ್ಲರೆ ನೋಟು ಇರ್ಲಿ, ನೆಟ್‌ವರ್ಕ್ ಇಲ್ದಿರೋ ಕಡೆ ಫೋನ್‌ಪೇ ನಡೆಯಲ್ಲ. ಮನೆಯವರ ನಂಬರ್ ಬರೆದ ಚೀಟೀನೂ ಅದರ ಜೊತೆಗೇ.

ಹಿಂದಿನ ಕೆಂಪು ಲೈಟ್ ಹಗಲಲ್ಲೂ ಉರೀತಿರ್ಲಿ. ಕಬ್ಬಿನ ಗಾಡಿ ಹಿಂದಿಕ್ಕೋಕೆ ಹೋಗಬೇಡಿ, ಜಲ್ಲೆ ಎರಡೂ ಕಡೆ ಮೊಳ ಮೊಳ ಈಚೆಗಿರುತ್ತೆ... ಬಂತು ನೋಡಿ ಒಂದು, ಕ್ಯಾಮೆರಾ ಎತ್ಕೋತೀನಿ.